ಹಸಿರು ಕಾಣಿಕೆ

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ವಿದ್ಯುತ್ ಕಂಪನಿಯ ಬಿಲ್ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅವನು ನಿಘಂಟು. ಮ್ಯಾನೇಜರ್ ಕರೆದರೂ ನಿಘಂಟು, ಕಂಬ ಹತ್ತುವ ಲೈನ್‌ಮನ್ ಕರೆದರೂ ನಿಘಂಟು ಸಾರ್. ಮೊದಮೊದಲು ಗೇಲಿಗೆ ಹುಟ್ಟಿದ ಹೆಸರು. ಆಮೇಲೆ ಅವನಿಗೇ ಅದು ರುಚಿಸತೊಡಗಿತು ಅನ್ನಿ. ಹೊಗಳಿಕೆ ಯಾರಿಗೆ ಬೇಡ?

ಅವನ ಕೆಲಸ ಏನಪ್ಪಾ ಅಂದರೆ, ಮೇಲಿನ ಕಚೇರಿಯಿಂದ ಬರುವ ಆದೇಶಗಳನ್ನು ಜನ ಆಡುವ ಮಾತಿಗೆ ಇಳಿಸುವುದು. ಅಯ್ಯೋ, ಆ ಆದೇಶಗಳೋ! ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಮನುಷ್ಯನಿಗೆ ಹಸಿವಾಗಬೇಕು, ಹಾಗಿರುತ್ತಿದ್ದವು. "ನಿರ್ವಹಣಾ ಕಾಮಗಾರಿಯ ನಿಮಿತ್ತ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು" ಎಂದು ಅವರು ಬರೆದರೆ, ಇವನು "ನಾಳೆ ಮಧ್ಯಾಹ್ನ ಕರೆಂಟ್ ಇರುವುದಿಲ್ಲ, ಬೆಳಗ್ಗೆಯೇ ನೀರು ತುಂಬಿಸಿಕೊಳ್ಳಿ" ಎಂದು ಬರೆಯುತ್ತಿದ್ದ. ನೀರಿನ ಮಾತು ಆದೇಶದಲ್ಲಿ ಇರುತ್ತಿರಲಿಲ್ಲ, ಇವನದೇ ಸೇರ್ಪಡೆ. ಜನಕ್ಕೆ ಅದು ಇಷ್ಟವಾಗುತ್ತಿತ್ತು. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ.

ಹೀಗಿರುವಾಗ ಸರ್ಕಾರದ ಹೊಸ ಕಟ್ಟಳೆ ಬಂತು. ಕಂಪನಿ ಮಾರುವ ಕರೆಂಟಿನಲ್ಲಿ ಇಂತಿಷ್ಟು ಪಾಲು ಗಾಳಿಯಿಂದಲೋ ಬಿಸಿಲಿನಿಂದಲೋ ಹುಟ್ಟಿದ್ದೇ ಆಗಿರಬೇಕು, ವರ್ಷ ವರ್ಷ ಆ ಪಾಲು ಏರಬೇಕು, ತಪ್ಪಿದರೆ ದಂಡ. ಕೆಟ್ಟ ಕಟ್ಟಳೆಯೇನಲ್ಲ ನೋಡಿ. ಕಲ್ಲಿದ್ದಲು ಸುಡುವ ಸ್ಥಾವರದ ಬಗಲಲ್ಲಿ ಬಟ್ಟೆ ಒಣಗಿಸಿ, ಸಂಜೆ ಬೂದಿ ಕೊಡವಿಕೊಂಡು ಉಡುತ್ತಿದ್ದವರನ್ನು ಕೇಳಿ, ಹೇಳುತ್ತಾರೆ. ಆದರೆ ಒಳ್ಳೆಯದನ್ನೂ ಪುಕ್ಕಟೆ ಯಾರೂ ಕೊಡುವುದಿಲ್ಲವಲ್ಲ! ಕಲ್ಲಿದ್ದಲಿನವರ ಜೊತೆ ಕಂಪನಿ ಹಿಂದೆಯೇ ದೀರ್ಘಕಾಲದ ಒಪ್ಪಂದ ಮಾಡಿಕೊಂಡು ಕೂತಿತ್ತು. ಅವರ ಕರೆಂಟ್ ಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ, ಅವರಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಈಗ ಅದರ ಮೇಲೆ ಗಾಳಿಯವರ ಕರೆಂಟೂ ಬಂತು, ಅದನ್ನು ಊರಿಗೆ ಮುಟ್ಟಿಸುವ ಹೊಸ ತಂತಿಯೂ ಬಂತು. ಹೊಸ ಮನೆಗೆ ಹೋದ ಮೇಲೂ ಹಳೇ ಮನೆಯ ಬಾಡಿಗೆ ತಪ್ಪದವನ ಪಾಡು. ಮುಂದೆ ಇದೆಲ್ಲ ಅಗ್ಗವಾಗುತ್ತದೆ ಅಂತ ಲೆಕ್ಕ ವಿಭಾಗದವರು ಪ್ರಮಾಣ ಮಾಡಿ ಹೇಳುತ್ತಿದ್ದರು. ಇದ್ದೀತು. ಆದರೆ ಮುಂದಿನದು ಮುಂದೆ, ಈ ತಿಂಗಳ ಹೊರೆಯನ್ನು ಹೊರುವವರು ಯಾರು?

ದೊಡ್ಡ ಕಾರ್ಖಾನೆಯವರು ಜಾಣರು. ತಮ್ಮ ತಾರಸಿಯ ಮೇಲೆ ತಾವೇ ಸೋಲಾರ್ ಹಾಕಿಸಿಕೊಂಡು ಮೆಲ್ಲಗೆ ಜಾರಿಕೊಂಡರು. ಅವರ ಪಾಲಿನ ಹೊರೆಯೂ ಸೇರಿ ಉಳಿದವರ ತಲೆಗೆ ಬಿತ್ತು. ದರ್ಜಿ, ಬೆಸುಗೆಯವನು, ಇಸ್ತ್ರಿಯವನು, ಇಂಥವರ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ.

ಈ ಹೊರೆಗೆ ಮೇಲಿನವರು ಇಟ್ಟ ಹೆಸರು "ನವೀಕರಿಸಬಹುದಾದ ಇಂಧನ ಖರೀದಿ ಬಾಧ್ಯತಾ ಹೊಂದಾಣಿಕೆ ಶುಲ್ಕ." ಬಿಲ್ಲಿನ ಕಾಗದ ಅಂಗೈ ಅಗಲದ್ದು. ಈ ಹೆಸರು ಅದರಲ್ಲಿ ಹಿಡಿಯಬೇಕಾದರೆ ಕಾಗದವನ್ನು ಸೀರೆಯ ಹಾಗೆ ನೇಯಿಸಬೇಕು. ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತುಕೊಂಡು ಬಂದರು.

"ರೀ ನಿಘಂಟು, ಎರಡು ಪದದಲ್ಲಿ ಮುಗಿಸ್ರಿ. ಶುಲ್ಕ ಅಂತ ಮಾತ್ರ ಹಾಕಬೇಡಿ, ಜನ ಕೌಂಟರ್ ಮುರಿದು ಹಾಕ್ತಾರೆ. ಏನಾದ್ರೂ ಮೆತ್ತಗೆ, ಕಿವಿಗೆ ಹಿತವಾಗಿ."

ಅವನು ಪೆನ್ನಿನ ತುದಿ ಕಚ್ಚುತ್ತಾ ಕೂತ. ಟೀ ಬಂತು, ಆರಿತು. ಆಮೇಲೆ ಬರೆದು ತೋರಿಸಿದ: ಹಸಿರು ಕಾಣಿಕೆ.

ಮ್ಯಾನೇಜರ್ ಎದ್ದು ನಿಂತು ಅವನ ಬೆನ್ನು ತಟ್ಟಿದರು. ಪಕ್ಕದ ವಿಭಾಗದವರೆಲ್ಲ ಬಂದು ನೋಡಿಕೊಂಡು ಹೋದರು, ತೊಟ್ಟಿಲ ಮಗು ನೋಡುವ ಹಾಗೆ. ಅವನ ಮನಸ್ಸಿನ ಮೂಲೆಯಲ್ಲಿ ಮಾತ್ರ ಸಣ್ಣ ಮುಳ್ಳೊಂದು ಆಡಿತು. ಕಾಣಿಕೆ ಅಂದರೆ ಮನಸ್ಸಿದ್ದವರು ಕೊಡುವುದು. ಕಿತ್ತುಕೊಳ್ಳುವುದಕ್ಕೆ ಯಾರೂ ಕಾಣಿಕೆ ಅನ್ನುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೇ? ಪದಗಳಲ್ಲೇ ಅನ್ನ ತಿನ್ನುವವನು! ಗೊತ್ತಿತ್ತು ಸ್ವಾಮಿ, ಚೆನ್ನಾಗಿ ಗೊತ್ತಿತ್ತು. ಇಷ್ಟು ಜನ ಹೊಗಳುವಾಗ ನಾನೊಬ್ಬ ಯಾಕೆ ಅಪಸ್ವರ ಎತ್ತಲಿ ಅಂದುಕೊಂಡು ಆರಿದ ಟೀ ಕುಡಿದ. ಮುಂದಿನ ವಾರ ಅವನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಟ್ಟರು.

ಇನ್ನು ಅವನ ಅಕ್ಕನ ವಿಷಯ. ಊರಿನ ಇನ್ನೊಂದು ತುದಿಯ ಗಲ್ಲಿಯಲ್ಲಿ ಅವಳ ಮನೆ. ತಾಯಿ ಬೇಗ ಹೋದಳು. ಇವನಿಗೆ ಅಕ್ಷರ ಕಲಿಸಿದ್ದೂ ಅವಳೇ, ತಲೆಯ ಹೇನು ತೆಗೆದದ್ದೂ ಅವಳೇ. ಗಂಡ ತೀರಿದ ಮೇಲೆ ಯಾರ ಮುಂದೆಯೂ ಕೈ ಚಾಚಲಿಲ್ಲ. ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಒಳಕೋಣೆಯಲ್ಲಿ ಇಟ್ಟು, ಕರೆಂಟಿನ ಕಾವಿನಲ್ಲಿ ಕೋಳಿಮೊಟ್ಟೆ ಮರಿ ಮಾಡಿಸಿ ಮಾರುತ್ತಿದ್ದಳು. ಮೂರು ವಾರ ಒಂದೇ ಸಮ ಕಾವು ಬೇಕು. ಹೆಚ್ಚಾದರೆ ಬೇಯುತ್ತದೆ, ಕಡಿಮೆಯಾದರೆ ಒಳಗೇ ಸಾಯುತ್ತದೆ. ಪೆಟ್ಟಿಗೆಗೆ ಮಾಪಕ ಇತ್ತು, ಆದರೂ ಅವಳಿಗೆ ನಂಬಿಕೆ ಸಾಲದು. ಮೊಟ್ಟೆ ತೆಗೆದು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದಳು. "ರೆಪ್ಪೆ ಸುಳ್ಳು ಹೇಳಲ್ಲ ಕಣೋ" ಅನ್ನುತ್ತಿದ್ದಳು. ಗಲ್ಲಿಯವರು ಅವಳನ್ನು ಕರೆಯುತ್ತಿದ್ದದ್ದು ಮರಿ ಅಕ್ಕ ಅಂತ. ಯಾರ ಮನೆಯ ಜಗಳವಾದರೂ ತೀರ್ಮಾನ ಅವಳ ಜಗಲಿಯ ಮೇಲೆ. ಅವಳು ಒಂದು ಮಾತು ಅಂದರೆ ಅದಕ್ಕೆ ತೂಕ ಇತ್ತು.

ಬಿಲ್ಲಿನಲ್ಲಿ ಹಸಿರು ಕಾಣಿಕೆ ಕಾಣಿಸಿಕೊಂಡಾಗ ಗಲ್ಲಿಯವರು ಅವಳ ಹತ್ತಿರವೇ ಬಂದರು. "ಅಕ್ಕ, ಇದೇನು ಹೊಸದು?"

"ಕಾಣಿಕೆ ಅಂತ ಬರೆದಿದ್ಯಲ್ಲಪ್ಪ, ಕಾಣಿಸಲ್ವಾ? ಇಷ್ಟ ಇದ್ದವರು ಕೊಡಿ, ಇಲ್ಲದವರು ಬಿಡಿ. ನನ್ನ ಕೈಯಲ್ಲಂತೂ ಈ ತಿಂಗಳು ಆಗಲ್ಲ."

ಕಟ್ಟೆಯ ದರ್ಜಿ ಬಿಟ್ಟ, ಎದುರಿನ ಬೆಸುಗೆಯವನು ಬಿಟ್ಟ, ನೋಡನೋಡುತ್ತ ಇಡೀ ಗಲ್ಲಿ ಬಿಟ್ಟಿತು. ಕೌಂಟರಿನವರು ಕೊಟ್ಟಷ್ಟು ಇಸಿದುಕೊಂಡರು, ಅವರಿಗೇನು? ಮುಂದಿನ ಬಿಲ್ಲಿನಲ್ಲಿ ಆ ಬಿಟ್ಟ ಭಾಗ ಹಿಂಬಾಕಿ ಎಂದು ಬಂತು. ಆಗ ಅಕ್ಕನಿಗೆ ಅನುಮಾನ ಹುಟ್ಟಿ ತಮ್ಮನಿಗೆ ಫೋನ್ ಮಾಡಿದಳು.

ಗ್ರಹಚಾರ ಅಂದರೆ ಇದು. ಅವತ್ತು ಮೇಲಿನ ಕಚೇರಿಯ ಅಧಿಕಾರಿಗಳು ಬಂದಿದ್ದರು. ಬೇರೆ ಊರುಗಳಲ್ಲಿ ಈ ಹೊಸ ಶುಲ್ಕಕ್ಕೆ ಜನ ಕಲ್ಲು ತೂರಿದ್ದರಂತೆ, ಇಲ್ಲಿ ಒಂದು ಗೊಣಗಾಟವೂ ಇಲ್ಲವಂತೆ. "ಎಲ್ಲ ಇವರ ಪದದ ಮಹಿಮೆ ಸರ್" ಎಂದು ಮ್ಯಾನೇಜರ್ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅಷ್ಟರಲ್ಲಿ ಜೇಬಿನಲ್ಲಿ ಫೋನ್.

"ಲೋ, ಈ ಹಸಿರು ಕಾಣಿಕೆ ಕಡ್ಡಾಯವೇನೋ? ಕೊಡದೇ ಇದ್ರೆ ಹಿಂಬಾಕಿ ಅಂತ ಬರುತ್ತಲ್ಲ?"

ಹೌದು ಅಕ್ಕ, ಕಡ್ಡಾಯ. ಮೂರು ಪದ. ಉಸಿರು ತೆಗೆದುಕೊಂಡು ಬಿಡುವಷ್ಟು ಹೊತ್ತಿನ ಮಾತು. ಆದರೆ ಎದುರಿಗೆ ಅಧಿಕಾರಿಗಳು ಹಲ್ಲು ಬಿಟ್ಟು ನಗುತ್ತಿದ್ದರು, ಹೆಗಲ ಮೇಲೆ ಮ್ಯಾನೇಜರ್ ಕೈ ಬೆಚ್ಚಗಿತ್ತು. ತನ್ನ ಪದ ಸ್ವಂತ ಅಕ್ಕನಿಗೇ ಅರ್ಥವಾಗಿಲ್ಲ ಅಂತ ಇವರ ಮುಂದೆ ಹೇಗೆ ಒಪ್ಪಿಕೊಳ್ಳುವುದು?

"ಹೆಸರೇ ಹೇಳುತ್ತಲ್ಲ ಅಕ್ಕ" ಅಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ನಾನೂ ಅದನ್ನೇ ಅಂದೆ. ಸರಿ ಬಿಡು, ನಿಮ್ಮ ಯಂತ್ರದ್ದೇ ಏನೋ ತಪ್ಪಿರಬೇಕು. ಊಟ ಆಯ್ತಾ?" ಅಂದಳು ಆಕೆ, ನಿರಾಳವಾಗಿ.

ಸಂಜೆ ಮನೆಗೆ ಹೋಗಿ ಬಿಡಿಸಿ ಹೇಳೋಣ ಅಂದುಕೊಂಡ. ಸಂಜೆ ಹೆಂಡತಿಯ ಜೊತೆ ಅಂಗಡಿಗೆ ಹೋಗಬೇಕಾಯಿತು. ಮರುದಿನ ನೆನಪಾದಾಗ, ನಿನ್ನೆ ಯಾಕೋ ಹೇಳಲಿಲ್ಲ ಅಂತ ಕೇಳಿದರೆ ಏನನ್ನಲಿ ಎನಿಸಿತು. ಒಂದು ವಾರ ಹೋಯಿತು, ಇನ್ನೊಂದು ಹೋಯಿತು. ಹೇಳಬೇಕಾದ ಮಾತು ಹಳೆಯದಾದಷ್ಟೂ ಬಾಯಿಗೆ ಬರುವುದು ಕಷ್ಟ. ಅಕ್ಕನ ಫೋನ್ ಬಂದರೆ ಈಗ ಅವನು ಎರಡನೇ ಸಲ ಬಾರಿಸುವವರೆಗೆ ಎತ್ತುತ್ತಿರಲಿಲ್ಲ. ಊಟಕ್ಕೆ ಕರೆದರೆ ಮೈ ಸರಿಯಿಲ್ಲ ಅನ್ನುತ್ತಿದ್ದ. "ಏನ್ರೀ, ಅಕ್ಕನ ಹತ್ರ ಜಗಳ ಆಡಿದ್ರಾ?" ಎಂದು ಹೆಂಡತಿ ಕೇಳಿದಾಗ ಸುಮ್ಮಸುಮ್ಮನೆ ಅವಳ ಮೇಲೆ ರೇಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಗಲ್ಲಿಗೆ ಎಚ್ಚರಿಕೆಯ ಚೀಟಿಗಳೂ ಹೋದವು. ದರ್ಜಿ ಹೆದರಿ ಅಕ್ಕನ ಬಳಿ ಓಡಿ ಬಂದರೆ, "ಯಂತ್ರದ ತಪ್ಪಪ್ಪ ಅದು. ನನ್ನ ತಮ್ಮ ಅಲ್ಲೇ ಇದ್ದಾನೆ, ಅವನೇ ಹೇಳಿದ್ದಾನೆ" ಎಂದು ಧೈರ್ಯ ತುಂಬಿ ಕಳಿಸಿದಳು.

ಕಂಪನಿಯ ಕಂಪ್ಯೂಟರಿಗೆ ಹಿಂಬಾಕಿ ಅಂದರೆ ಹಿಂಬಾಕಿ. ಸಣ್ಣದೋ ದೊಡ್ಡದೋ, ಮೂರು ಬಿಲ್ ದಾಟಿತೋ, ಕತ್ತರಿ.

ಒಂದು ದಿನ ಬೆಳಗ್ಗೆ ಟೀ ಅಂಗಡಿಯಲ್ಲಿ ಆ ಕಡೆಯ ಲೈನ್‌ಮನ್ ಸಿಕ್ಕಿದ. ಉದ್ದನೆಯ ಮನುಷ್ಯ, ಏಣಿ ಅಂತಲೇ ಅವನನ್ನು ಕರೆಯುವುದು. ಮುಖ ಸಪ್ಪಗಿತ್ತು.

"ನಿಘಂಟು ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಕ್ಕನ ಗಲ್ಲೀಲಿ ಈಗಷ್ಟೇ ಲೈನ್ ಕಟ್ ಮಾಡಿ ಬಂದೆ. ಇಡೀ ಸಾಲು ಸಾರ್. ಹಸಿರು ಕಾಣಿಕೆ ಒಬ್ರೂ ಕಟ್ಟಿಲ್ಲ."

"ಅಕ್ಕನದೂ?"

"ಅವರದೂ. ಮೊಟ್ಟೆ ಇಟ್ಟಿದ್ದೀನಪ್ಪ, ಸ್ವಲ್ಪ ತಡಿ ಅಂದ್ರು. ನನ್ನ ಕೈಯಲ್ಲಿ ಏನಿದೆ ಸಾರ್? ನಾನು ಕಟ್ ಮಾಡ್ಲಿಲ್ಲ ಅಂದ್ರೆ ನನ್ನನ್ನ ಕಟ್ ಮಾಡ್ತಾರೆ."

ಲೋಟ ಅಲ್ಲೇ ಇಟ್ಟು ಅವನು ಓಡಿದ. ಬಸ್ ಹಿಡಿದನೋ ಆಟೋ ಹಿಡಿದನೋ ಅವನಿಗೇ ಆಮೇಲೆ ನೆನಪಿಲ್ಲ.

ಅಕ್ಕನ ಮನೆಯಲ್ಲಿ ಒಳಕೋಣೆಯ ಪೆಟ್ಟಿಗೆಗೆ ಕಂಬಳಿ, ಹಳೆಯ ಸೀರೆ, ಗೋಣಿಚೀಲ, ಕೈಗೆ ಸಿಕ್ಕಿದ್ದೆಲ್ಲ ಹೊದಿಸಿದ್ದರು. ಅಡುಗೆಮನೆಯಲ್ಲಿ ಹಂಡೆಯ ತುಂಬ ನೀರು ಕಾಯುತ್ತಿತ್ತು. ದರ್ಜಿಯ ಹೆಂಡತಿ ಬಾಟಲಿಗೆ ಬಿಸಿನೀರು ತುಂಬಿ ಕೊಡುತ್ತಿದ್ದಳು, ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಮೊಟ್ಟೆಗಳ ಸಾಲಿನ ನಡುವೆ ಇಡುತ್ತಿದ್ದಳು. ಕೈ ಕೆಂಪಗೆ ಬೆಂದಿತ್ತು. ತಮ್ಮನನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದೆಯಾ! ನೋಡೋ, ನಿಮ್ಮವರು ಏನೋ ಎಡವಟ್ಟು ಮಾಡಿದ್ದಾರೆ. ಮೊಟ್ಟೆ ಒಡೆದು ಮರಿ ಬರೋಕೆ ಇನ್ನು ಮೂರ್ನಾಲ್ಕು ದಿನ ಅಷ್ಟೆ. ಒಳಗೆ ಕೊಕ್ಕಾಡಿಸ್ತಾ ಇದ್ದಾವೆ. ನೀನು ಹೋಗಿ ಒಂದು ಮಾತು ಹೇಳು, ಸರಿ ಮಾಡ್ತಾರೆ."

ಅವನು ಬಾಯಿ ತೆರೆದ. "ಅಕ್ಕ, ಅದು..." ಅಂದ.

"ಆಮೇಲೆ ಮಾತಾಡೋಣ, ಮೊದ್ಲು ಹೋಗು" ಅಂದಳು. ಅವನಿಗೆ ಅದೇ ಸಾಕಾಯಿತು. ಬದುಕಿದೆಯಾ ಬಡಜೀವವೇ ಎಂದು ಹೊರಟೇಬಿಟ್ಟ.

ಕಚೇರಿಗೆ ಬಂದು ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು ಅವನು ಹೇಳಿದ: "ಸರ್, ಜನಕ್ಕೆ ಆ ಪದ ತಪ್ಪಾಗಿ ಅರ್ಥ ಆಗಿದೆ. ಗಲ್ಲಿಯವರ ಲೈನ್ ವಾಪಸ್ ಕೊಡಿಸಿ."

ಮ್ಯಾನೇಜರ್ ಕನ್ನಡಕ ತೆಗೆದರು. "ತಪ್ಪಾಗಿ ಅರ್ಥ ಆಗೋ ಪದವನ್ನ ಕೊಟ್ಟವರು ಯಾರು ನಿಘಂಟು? ಹಾಗಂತ ಮೇಲಕ್ಕೆ ಬರೀಲಾ? ಬರೀತೀನಿ, ನೀವು ಹೂಂ ಅನ್ನಿ."

ಅವನು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನಿಂತಿದ್ದು, ಹಿಂದಿರುಗಿ ಕೌಂಟರಿಗೆ ಬಂದ. ಅಕ್ಕನ ಬಾಕಿ ಕಟ್ಟಿದ, ಮರುಜೋಡಣೆಯದ್ದೂ ಕಟ್ಟಿದ, ರಸೀತಿ ಹಿಡಿದು ಏಣಿಯನ್ನು ಹುಡುಕಿಕೊಂಡು ಹೋದ.

"ಇವತ್ತೇ ಆಗ್ಬೇಕು ಮಾರಾಯ."

"ಉಳಿದವರದ್ದು ಸಾರ್?" ಎಂದ ಏಣಿ.

"ಅವರು ಕಟ್ಟಿಕೊಳ್ತಾರೆ ಬಿಡು."

ಇಡೀ ಸಾಲಿನದು ಕಟ್ಟಲು ಅವನಿಂದ ಆಗುತ್ತಿರಲಿಲ್ಲವೇ? ಕಷ್ಟಪಟ್ಟಿದ್ದರೆ ಆಗುತ್ತಿತ್ತು. ಸುಳ್ಳೇಕೆ, ಅವನಿಗೆ ಅದು ಹೊಳೆಯಲೇ ಇಲ್ಲ. ಅಕ್ಕನ ಮೊಟ್ಟೆ ಉಳಿದರೆ ತಾನೂ ಉಳಿದೆ ಎನ್ನುವುದೊಂದೇ ತಲೆಯಲ್ಲಿತ್ತು. ಮಾಡಿದ ತಪ್ಪನ್ನು ಯಾರಿಗೂ ತಿಳಿಯದ ಹಾಗೆ ತೊಳೆದುಬಿಡುವ ಅವಸರ. ಆ ಅವಸರದಲ್ಲೇ ಇನ್ನೊಂದು ತಪ್ಪು ಆಯಿತು.

ಹೊತ್ತು ಮುಳುಗುವಾಗ ಅವನು ಗಲ್ಲಿಗೆ ವಾಪಸ್ ಬಂದರೆ, ಕತ್ತಲು ಕವಿದ ಸಾಲಿನಲ್ಲಿ ಒಂದೇ ಮನೆ ಬೆಳಗುತ್ತಿತ್ತು. ಜಗಲಿಯ ಮುಂದೆ ಜನ. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಒದ್ದೆ ಬಟ್ಟೆ. ದರ್ಜಿ ಮಾತಾಡುತ್ತಿದ್ದ. ಕೂಗಾಡಿದ್ದರೆ ಚೆನ್ನಾಗಿತ್ತು, ಅವನು ಮೆಲ್ಲಗೆ ಮಾತಾಡುತ್ತಿದ್ದ.

"ನಮಗೆ ಕೊಡಬೇಡಿ ಅಂದ್ರಿ ಅಕ್ಕ. ನೀವು ಹೇಳಿದ್ರಿ ಅಂತ ಬಿಟ್ವಿ. ಬೆಳಗ್ಗೆಯಿಂದ ನನ್ನ ಹೆಂಡತಿ ನಿಮ್ಮ ಮೊಟ್ಟೆಗೆ ನೀರು ಕಾಯಿಸಿದ್ದಾಳೆ. ನೀವು ನೋಡಿದ್ರೆ ಒಳಗಿಂದೊಳಗೆ ಕಟ್ಟಿ ಬಂದಿದ್ದೀರಿ. ನಾಳೆ ಕೊಡಬೇಕಾದ ಬಟ್ಟೆ ನನ್ನ ಮಿಷನ್ ಮೇಲೇ ಕೂತಿದೆ."

"ನಾನು ಕಟ್ಟಿಲ್ಲಪ್ಪ" ಅಂದಳು ಅಕ್ಕ.

"ಹಾಗಾದ್ರೆ ದೀಪ ತಾನಾಗೇ ಹತ್ತಿಕೊಂಡಿತಾ?" ಬೆಸುಗೆಯವನು ಕೇಳಿದ. ಹಿಂದೆ ಯಾರೋ ನಕ್ಕರು.

ಆ ಗಲ್ಲಿಯಲ್ಲಿ ಅವಳ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ಅವಳು ಸುತ್ತ ನೋಡಿದಳು, ಸಿಕ್ಕಿಬಿದ್ದ ಕಳ್ಳಿಯ ಹಾಗೆ ನೋಡಿದಳು, ತಪ್ಪೇ ಮಾಡದವಳು. ಅದನ್ನು ಕಂಡದ್ದೇ ಅವನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ.

"ಕಟ್ಟಿದ್ದು ನಾನು. ಅಕ್ಕನಿಗೆ ಗೊತ್ತಿಲ್ಲ" ಅಂದ. "ಅದು ಕಡ್ಡಾಯವೇ. ಮೊದಲಿನಿಂದಲೂ ಕಡ್ಡಾಯ. ಕಾಣಿಕೆ ಅಂತ ಹೆಸರಿಟ್ಟವನು ನಾನೇ."

ದರ್ಜಿಯೇ ಕೇಳಿದ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಕೊಡಲೇಬೇಕು ಅನ್ನೋದಕ್ಕೆ ನಮ್ಮ ಮಾತಿನಲ್ಲಿ ಪದ ಇರಲಿಲ್ವಾ ಸಾರ್?"

"ಇತ್ತು."

"ಮತ್ತೆ?"

ನಿಘಂಟು ತಲೆ ತಗ್ಗಿಸಿದ. ಬೈಯಲಿ, ಹೊಡೆಯಲಿ ಅಂದುಕೊಂಡ. ಹೇಳಿಬಿಟ್ಟೆನಲ್ಲ ಎಂದು ಎದೆಯ ಭಾರ ತುಸು ಇಳಿದಂತೆಯೂ ಆಗಿತ್ತು, ಮುಚ್ಚಿಡುವುದೇಕೆ.

ಆಗ ಅಕ್ಕ ಮಾತಾಡಿದಳು. "ನಾನು ಫೋನ್ ಮಾಡಿ ಕೇಳಿದ್ನಲ್ಲೋ. ಕಡ್ಡಾಯವೇನೋ ಅಂತ ಕೇಳಿದ್ದೆ. ಆಗ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಅವನು ಏನು ಹೇಳಿದರೂ ನಂಬುವವಳು.

"ಗೊತ್ತಿತ್ತು ಅಕ್ಕ. ಪಕ್ಕದಲ್ಲಿ ದೊಡ್ಡವರೆಲ್ಲ ನಿಂತಿದ್ರು. ಹೇಳೋಕೆ ನಾಚಿಕೆ ಆಯ್ತು."

"ಆಮೇಲೆ? ಅವರೇನು ಇಷ್ಟು ದಿನವೂ ನಿಂತೇ ಇದ್ರಾ?"

ಅಕ್ಕ ಬಟ್ಟೆಯನ್ನು ಹಿಂಡಿ, ಕೊಡವಿ, ಜಗಲಿಯ ಕಂಬಿಯ ಮೇಲೆ ಹರಡಿದಳು. ಅಷ್ಟು ಹೊತ್ತು ಅವನ ಕಡೆ ನೋಡಲೇ ಇಲ್ಲ. ಅವನು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟ, ಒಳಗೆ ಹೋಗಿ ಕಾಲು ಹಿಡಿದಾದರೂ ಕ್ಷಮೆ ಕೇಳೋಣ ಎಂದು.

"ಬರಬೇಡ" ಅಂದಳು. ಸಿಟ್ಟಿನ ದನಿಯಲ್ಲ. "ಜನ ಓಡಾಡಿದ್ರೆ ಕೋಣೆಯ ಕಾವು ಹೋಗುತ್ತೆ. ಮೊಟ್ಟೆ ಈಗಷ್ಟೇ ಬೆಚ್ಚಗಾಗ್ತಾ ಇದೆ."

ಅದೂ ನಿಜವೇ ಇರಬೇಕು ಅಂದುಕೊಂಡು ಅವನು ಕಾಲು ಹಿಂದೆ ತೆಗೆದ.

ಅಕ್ಕ ದರ್ಜಿಯ ಕಡೆ ತಿರುಗಿದಳು. "ನಿನ್ನ ಮಿಷನ್ ಎತ್ತಿಕೊಂಡು ಬಾರಪ್ಪ, ನಡುಮನೆಯಲ್ಲಿ ಹಾಕ್ಕೋ. ನಾಳೆ ಕೊಡೋ ಬಟ್ಟೆ ಇವತ್ತೇ ಮುಗಿಲಿ. ಮಕ್ಕಳು ಪುಸ್ತಕ ತಗೊಂಡು ಬರಲಿ. ಫೋನ್ ಚಾರ್ಜ್ ಮಾಡೋರು ಮಾಡ್ಕೊಳ್ಳಿ. ನಾನು ಹೇಳಿ ನೀವು ಕೆಟ್ಟಿರಿ. ನಿಮ್ಮ ಮನೆಗೆಲ್ಲ ಕರೆಂಟ್ ಬರೋವರೆಗೆ ಇದು ನಿಮ್ಮನೆ ಅಂದ್ಕೊಳ್ಳಿ."

ದರ್ಜಿ ಸ್ವಲ್ಪ ಹೊತ್ತು ಅನುಮಾನಿಸಿದ. ಆಮೇಲೆ ಅವನೂ ಬೆಸುಗೆಯವನೂ ಸೇರಿ ಹೊಲಿಗೆ ಮಿಷನ್ ಹೊತ್ತು ತಂದರು. ಬಾಗಿಲ ಎರಡು ಕದವನ್ನೂ ಅಗಲ ತೆರೆಯಬೇಕಾಯಿತು. ಮಕ್ಕಳು ಬಂದರು, ದರ್ಜಿಯ ಹೆಂಡತಿ ಅರೆಬೆಂದ ಅನ್ನದ ಪಾತ್ರೆ ಹಿಡಿದು ಬಂದಳು, ಎಂದೂ ಅಕ್ಕನ ಮನೆ ಹೊಕ್ಕದ ಕೊನೆಮನೆಯ ಮುದುಕನೂ ಕೋಲೂರಿಕೊಂಡು ಬಂದ. ಬಂದವರನ್ನೆಲ್ಲ ಅಕ್ಕ ಕೈ ಹಿಡಿದು ಒಳಗೆ ಕೂರಿಸಿದಳು.

ಕದ ತೆರೆದೇ ಇತ್ತು. ಅವನು ಮೆಟ್ಟಿಲ ಕೆಳಗೆ ಬರಿಗಾಲಲ್ಲಿ ನಿಂತಿದ್ದ, ಯಾರೂ ಅವನನ್ನು ಕರೆಯಲಿಲ್ಲ.